ಆಕಾಶವಾಣಿಯ ಕಸ್ತೂರಿಯವರು



ಈ ಹೊತ್ತಿನ ಭಾಷಣ ಅಂದ ಕೂಡಲೇ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ತಾವೆಲ್ಲ ತೊಗರಿಯ ಮಾತೋ, ಜೋಳದ ಮಾತೋ, ಹುಳದ ಔಷಧದ ಮಾತೋ ಬರುತ್ತದೆ ಎಂದು ಕಾದಿರುತ್ತೀರಿ. ಇವತ್ತು ಅದನ್ನು ಸ್ವಲ್ಪ ಬದಿಗಿಟ್ಟು ಒಬ್ಬ ಮನುಷ್ಯನ ಸಂಗತಿ ಹೇಳಬೇಕೆಂದಿದ್ದೇನೆ. ಆತ ರೈತನಲ್ಲ. ನೇಗಿಲ ಮೇಣಿ ಹಿಡಿದವರಲ್ಲ. ಆದರೆ ಈ ಪೆಟ್ಟಿಗೆಯೊಳಗಿಂದ ಕನ್ನಡದಲ್ಲಿ ಮಾತು ಬರುವಂತೆ ಮಾಡಿದ ಮೊದಲ ಮಂದಿಯಲ್ಲಿ ಅವರೊಬ್ಬರು. ಅವರ ಹೆಸರು ನಾ. ಕಸ್ತೂರಿ. ನಾನು ಕೃಷಿ ಡಿಪ್ಲೊಮಾ ಓದಿದವನೇ ಹೊರತು ಸಾಹಿತ್ಯ ಓದಿದವನಲ್ಲ. ಆದರೂ ಈ ಮಾತನ್ನು ನಾನೇ ಯಾಕೆ ಹೇಳಬೇಕು ಎಂಬುದು ಮುಂದೆ ಕೇಳುತ್ತಾ ಹೋದರೆ ತಮಗೆ ತಿಳಿಯುತ್ತದೆ.

ಮೊದಲು ರೇಡಿಯೋ ನಮ್ಮ ಕಡೆಗೆ ಹ್ಯಾಂಗ ಬಂತು ಎಂಬುದನ್ನು ನೋಡೋಣ. ನಮ್ಮ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೈದರಾಬಾದಿನಲ್ಲಿ ಒಂದು ರೇಡಿಯೋ ನಿಲಯ ಇತ್ತು. 1935ರಲ್ಲಿ ಸಂಸ್ಥಾನದ ಸರ್ಕಾರವೇ ಅದನ್ನು ವಹಿಸಿಕೊಂಡು ನಡೆಸಿತು. ಡೆಕ್ಕನ್ ರೇಡಿಯೋ ಎಂದು ಅದಕ್ಕೆ ಹೆಸರು. ಹೆಚ್ಚಿನ ಕಾರ್ಯಕ್ರಮ ಉರ್ದುವಿನಲ್ಲಿ. ತೆಲುಗು, ಮರಾಠಿ, ಕನ್ನಡಗಳಿಗೂ ಒಂದಿಷ್ಟು ವೇಳೆ ಸಿಗುತ್ತಿತ್ತು. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದರೂ ನಮಗೆ ಬಂದದ್ದು 1948ರ ಸೆಪ್ಟೆಂಬರ್ 17ರಂದು, ಇದು ತಮಗೆಲ್ಲ ಗೊತ್ತೇ ಅದ. ಆಮೇಲೆ 1950ರಲ್ಲಿ ಆ ನಿಲಯವು ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡದ ನಿಲಯ ಆರಂಭವಾಯಿತು. ನಮ್ಮದೇ ಕಲಬುರಗಿ ನಿಲಯ ಬಂದದ್ದು 1966ರಲ್ಲಿ.

ಆದರೆ ಊರಾಗ ರೇಡಿಯೋ ಇದ್ದವರು ಎಷ್ಟು ಮಂದಿ? ಗೌಡರ ವಾಡೆಯಲ್ಲೊಂದು, ಸಾಹುಕಾರರ ಅಂಗಡಿಯಲ್ಲೊಂದು, ಬಹಳಾದರೆ ಪಂಚಾಯತಿ ಕಟ್ಟೆಯ ಮೇಲೆ ಬ್ಯಾಟರಿಯಿಂದ ನಡೆಯುವುದೊಂದು. ರೇಡಿಯೋ ಇಡಬೇಕಾದರೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ಅದಕ್ಕೇ ಒಂದು ಪೆಟ್ಟಿಗೆಗೆ ಐವತ್ತು ಮಂದಿ ಕೇಳುಗರು. ಕೇಳುವಾಗ ಯಾರಾದರೂ ಕೆಮ್ಮಿದರೆ ಉಳಿದವರು ಕಣ್ಣು ಬಿಟ್ಟು ನೋಡುವರು. ಈಗ ಕಿಸೆಯೊಳಗಿನ ಮೊಬೈಲಿನಲ್ಲೇ ಆಕಾಶವಾಣಿ ಬರುತ್ತದೆ, ಅದು ಬೇರೆ ಮಾತು.

ಇನ್ನು ಮೈಸೂರಿಗೆ ಹೋಗೋಣ. ಅಲ್ಲಿ ಮಹಾರಾಜಾ ಕಾಲೇಜಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರು ಇದ್ದರು. ಪಾಠ ಹೇಳುತ್ತಿದ್ದದ್ದು ಮನಃಶಾಸ್ತ್ರ, ಅಂದರೆ ಮನುಷ್ಯನ ಮನಸ್ಸಿನ ವಿದ್ಯೆ. ಅವರಿಗೆ ಒಂದು ಹುಚ್ಚು. ದೊಡ್ಡ ದೊಡ್ಡ ಪಟ್ಟಣಗಳಲ್ಲಿ ಸರ್ಕಾರ ನಡೆಸುವ ರೇಡಿಯೋವನ್ನು ತಾನು ತನ್ನ ಮನೆಯಲ್ಲೇ ಯಾಕೆ ನಡೆಸಬಾರದು? 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರ ಯಂತ್ರ ಇಟ್ಟು ನಿಲಯವನ್ನು ತೆರೆದೇಬಿಟ್ಟರು. ಮನೆಯ ಹೆಸರು ವಿಠ್ಠಲ ವಿಹಾರ. ಯಂತ್ರದ ಶಕ್ತಿ ಎಷ್ಟು ಅಂತೀರಿ? 30 ವಾಟ್. ನಮ್ಮ ದನದ ಕೊಟ್ಟಿಗೆಯಲ್ಲಿ ಮಿಣಿಮಿಣಿ ಉರಿಯುತ್ತಿದ್ದ ಹಳೆಯ ಬಲ್ಬು ಕೂಡ 40 ವಾಟಿನದು! ಹಿಂದೆ ವಾಡಿ ಜಂಕ್ಷನ್ನಿನಲ್ಲಿ ಉಗಿಯ ರೈಲು ಶಿಳ್ಳು ಹಾಕಿದರೆ ಗಾಳಿಯ ಕಡೆ ನೋಡಿಕೊಂಡು ಒಂದು ಹರದಾರಿ ಕೇಳುತ್ತಿತ್ತು. ಆ ಶಿಳ್ಳಿಗೆ ಬೇಕಾದ ಉಗಿಯ ಬಲ ಎಷ್ಟು! ಇಲ್ಲಿ ಬಲ್ಬಿಗಿಂತ ಕಡಿಮೆ ಶಕ್ತಿಯಲ್ಲಿ ಮನುಷ್ಯನ ಮಾತು ತಂತಿ ಇಲ್ಲದೆ ಊರೆಲ್ಲ ತಿರುಗಿತು.

ಸರ್ಕಾರದ ಹಣವಿಲ್ಲ, ಜಾಹೀರಾತಿನ ಹಣವೂ ಇಲ್ಲ. ತಮ್ಮ ಕೈಯಿಂದಲೇ ಖರ್ಚು ಮಾಡುತ್ತಾ ಸುಮಾರು ಆರು ವರ್ಷ ಅದನ್ನು ನಡೆಸಿದರು. 1940ರ ದಶಕದ ಮೊದಲಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು.

ಆ ನಿಲಯದ ಹೆಸರೇ ‘ಆಕಾಶವಾಣಿ’. ಈ ಹೆಸರನ್ನು ಇಟ್ಟವರು ಗೋಪಾಲಸ್ವಾಮಿಯವರು ಎಂದು ಕೆಲವರು ಹೇಳುತ್ತಾರೆ, ಸೂಚಿಸಿದವರು ಕಸ್ತೂರಿಯವರು ಎಂದು ಕೆಲವರು ಹೇಳುತ್ತಾರೆ. ನನ್ನನ್ನು ಕೇಳಿದರೆ, ಒಂದೇ ಹೊಲದಲ್ಲಿ ಇಬ್ಬರು ಕೂಡಿ ಬಿತ್ತಿದ ಬೆಳೆಗೆ ಯಾವ ಕಾಳು ಯಾರದು ಎಂದು ಹುಡುಕುವುದು ಬೇಡ. ಬಯಲಾಟದಲ್ಲಿ, ಪುರಾಣದಲ್ಲಿ ಕಂಸನಿಗೆ ಅಶರೀರವಾಣಿ ಆಯಿತು ಎಂದು ಕೇಳಿದ ಮಂದಿಗೆ ಈ ಮಾತು ಬಿಡಿಸಿ ಹೇಳಬೇಕಾಗಲಿಲ್ಲ. ಆಕಾಶದಿಂದ ಬರುವ ವಾಣಿ, ಅಷ್ಟೆ. ದಿಲ್ಲಿಯ ನಿಲಯಗಳಿಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದೇ 1936ರಲ್ಲಿ. ಮೈಸೂರಿನ ಹೆಸರು ಅದಕ್ಕಿಂತ ಒಂದು ವರ್ಷ ಹಿರಿದು. ಮುಂದೆ 1956-57ರ ಸುಮಾರಿಗೆ ಇಡೀ ದೇಶದ ರೇಡಿಯೋಕ್ಕೆ ಇದೇ ಹೆಸರನ್ನು ತೆಗೆದುಕೊಂಡರು. ಒಂದು ಮನೆಯ ಕೋಣೆಯಲ್ಲಿ ಇಟ್ಟ ಹೆಸರು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಡೆಯಿತು ನೋಡ್ರಿ.

ಈಗ ಕಸ್ತೂರಿಯವರ ಮಾತಿಗೆ ಬರೋಣ. ಅವರು ಹುಟ್ಟಿದ್ದು 1897ರ ಡಿಸೆಂಬರ್ 25ರಂದು, ಕೇರಳದ ಎರ್ನಾಕುಲಂ ಹತ್ತಿರದ ತ್ರಿಪ್ಪುಣಿತುರದಲ್ಲಿ. ಕನ್ನಡ ನಾಡಿನವರಲ್ಲ ಎಂಬುದನ್ನು ಗಮನಿಸಬೇಕು. ಎಂ.ಎ., ಬಿ.ಎಲ್. ಮಾಡಿಕೊಂಡು ಉಪಾಧ್ಯಾಯರ ಕೆಲಸಕ್ಕಾಗಿ ಮೈಸೂರಿಗೆ ಬಂದರು. ಮೊದಲು ಬಾನುಮಯ್ಯನವರ ಹೈಸ್ಕೂಲಿನಲ್ಲಿ, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಅಧ್ಯಾಪಕರಾದರು. ರಾಮಕೃಷ್ಣಾಶ್ರಮದ ಒಡನಾಟ ಬೆಳೆಯಿತು. ಓದು ಬಾರದ ವಯಸ್ಕರಿಗೆ ಅಕ್ಷರ ಕಲಿಸುವ ಕೆಲಸಕ್ಕೂ ಕೈ ಹಾಕಿದರು.

ಕನ್ನಡ ಅವರಿಗೆ ತಾಯಿ ಕಲಿಸಿದ ಮಾತಲ್ಲ. ಬೆಳೆದ ಮೇಲೆ, ಕೆಲಸಕ್ಕೆ ಬಂದ ಊರಿನಲ್ಲಿ ಕಿವಿಯಿಂದ ಕೇಳಿ, ನಾಲಿಗೆ ತಿರುಗಿಸಿ ಕಲಿತದ್ದು. ಹೀಗೆ ಕಲಿತವರು ಏನು ಮಾಡಬಹುದಿತ್ತು? ತಪ್ಪಾದೀತೆಂದು ಹೆದರಿ ಪುಸ್ತಕದ ಭಾಷೆಯನ್ನೇ ಬಿಗಿಯಾಗಿ ಹಿಡಿದುಕೊಂಡು ಕೂಡಬಹುದಿತ್ತು. ಇವರು ಹಾಗೆ ಮಾಡಲಿಲ್ಲ. ಕನ್ನಡಿಗರನ್ನು ಕನ್ನಡದಲ್ಲಿಯೇ ನಗಿಸುವ ಕೆಲಸಕ್ಕೆ ನಿಂತರು! ಪರಭಾಷೆಯಲ್ಲಿ ಅಳಿಸಬಹುದು, ಬಯ್ಯಬಹುದು, ಲೆಕ್ಕ ಹೇಳಬಹುದು. ನಗಿಸುವುದು ಮಾತ್ರ ಕಷ್ಟ. ನಗೆ ಬರಬೇಕಾದರೆ ಆ ಮಾತಿನ ಒಳಗೆ ಹೊಕ್ಕು ಅದರ ಮೂಲೆ ಮೂಲೆ ನೋಡಿರಬೇಕು.

1942ರಲ್ಲಿ ಡಾ. ಎಂ. ಶಿವರಾಂ ಎಂಬ ವೈದ್ಯರು ‘ಕೊರವಂಜಿ’ ಎಂಬ ಹಾಸ್ಯದ ಮಾಸಪತ್ರಿಕೆಯನ್ನು ಆರಂಭಿಸಿದರು. ಅವರ ಕಾವ್ಯನಾಮ ‘ರಾಶಿ’. ನಾವು ಕಣದಾಗ ಮಾಡುವ ರಾಶಿ ಅಲ್ಲ, ಆದರೂ ನಗೆಯ ರಾಶಿ ಎಂದೇ ತಿಳಿಯಬಹುದು. ಆ ಪತ್ರಿಕೆ 1967ರವರೆಗೆ ನಡೆಯಿತು. ಅದರಲ್ಲಿ ಬರೆದವರಲ್ಲಿ ಕಸ್ತೂರಿಯವರು ಮುಖ್ಯರು. ವ್ಯಂಗ್ಯಚಿತ್ರಗಾರ ಆರ್.ಕೆ. ಲಕ್ಷ್ಮಣರೂ ಅದಕ್ಕೆ ಚಿತ್ರ ಬರೆದಿದ್ದಾರೆ. ಕಸ್ತೂರಿಯವರ ‘ಅನರ್ಥಕೋಶ’ ಎಂಬ ಪುಸ್ತಕ ಕನ್ನಡದಲ್ಲಿ ಹೆಸರಾದದ್ದು. ಅರ್ಥಕೋಶ ಅಂದರೆ ಶಬ್ದಕ್ಕೆ ಅರ್ಥ ಹೇಳುವ ಪುಸ್ತಕ. ಇದು ಅನರ್ಥಕೋಶ, ಅಂದರೆ ದಿನನಿತ್ಯದ ಶಬ್ದಗಳನ್ನು ತಿರುಚಿ, ಒಡೆದು, ಬೇರೆ ಅರ್ಥ ಹೊರಡಿಸಿ ನಗಿಸುವ ಪುಸ್ತಕ. ‘ಚಕ್ರದೃಷ್ಟಿ’, ‘ಗಾಳಿಗೋಪುರ’ ಮೊದಲಾದ ಬೇರೆ ಪುಸ್ತಕಗಳೂ ಇವೆ. ತಾಲ್ಲೂಕಿನ ಗ್ರಂಥಾಲಯಕ್ಕೆ ಹೋದಾಗ ಮಕ್ಕಳಿಂದ ಕೇಳಿಸಿ ನೋಡಿರಿ.

ಇದೇ 1940ರ ದಶಕದಲ್ಲಿ ಅವರು ಮೈಸೂರು ಆಕಾಶವಾಣಿಯಲ್ಲಿ ಸಹಾಯಕ ನಿರ್ದೇಶಕರಾಗಿಯೂ ಕೆಲಸ ಮಾಡಿದರು. ಕೈಯಲ್ಲಿ ಒಂದು ಕಡೆ ಇತಿಹಾಸದ ಪಾಠ, ಇನ್ನೊಂದು ಕಡೆ ರೇಡಿಯೋ, ನಡುವೆ ಹಾಸ್ಯದ ಬರವಣಿಗೆ. ಇಲ್ಲಿ ಒಂದು ಮಾತನ್ನು ವಿಚಾರ ಮಾಡಬೇಕು. ಹಿಂದೆ ರೇಡಿಯೋಕ್ಕೆ ಭಾಷಣ ಬರೆಯುವುದು ಹ್ಯಾಂಗ ಎಂದು ಹೇಳಿಕೊಡುವವರು ಕನ್ನಡದಲ್ಲಿ ಯಾರೂ ಇರಲಿಲ್ಲ. ಪುಸ್ತಕ ಬರೆಯುವವರಿದ್ದರು, ಹರಿಕಥೆ ಹೇಳುವವರಿದ್ದರು, ಸಭೆಯಲ್ಲಿ ಗುಡುಗುವವರಿದ್ದರು. ಈ ಮೂರೂ ರೇಡಿಯೋಕ್ಕೆ ಸರಿಹೋಗುವುದಿಲ್ಲ.

ಯಾಕಂದ್ರ, ಪುಸ್ತಕ ಓದುವವನಿಗೆ ಒಂದು ಸಾಲು ತಿಳಿಯದಿದ್ದರೆ ಹಾಳೆ ತಿರುವಿ ಮತ್ತೆ ಓದುತ್ತಾನೆ. ರೇಡಿಯೋದಲ್ಲಿ ಹೋದ ಮಾತು ಹೋಯಿತು, ಕೈಯಿಂದ ಜಾರಿದ ಕಾಳಿನ ಹಾಗೆ. ಹರಿಕಥೆಯವರಿಗೆ ಎದುರಿಗೆ ಕೂತ ಮಂದಿಯ ಮುಖ ಕಾಣುತ್ತದೆ. ಆಕಳಿಸಿದರೆ ಒಂದು ಹಾಡು ಹಾಕುತ್ತಾರೆ. ಮೈಕಿನ ಮುಂದೆ ಕೂತವನಿಗೆ ಎದುರಿಗೆ ಕಾಣುವುದು ಗೋಡೆ ಮಾತ್ರ. ಇನ್ನು ಸಭೆಯಲ್ಲಿ ಗುಡುಗಿದ ಹಾಗೆ ಗುಡುಗಿದರಂತೂ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವ ತಾಯಿ ಕೈಚಾಚಿ ರೇಡಿಯೋ ಬಂದ್ ಮಾಡುತ್ತಾಳೆ. ಕೇಳುವವರು ಸಾವಿರ ಮಂದಿ ಇದ್ದರೂ ಮಾತಾಡುವುದು ಒಬ್ಬರ ಹತ್ತಿರ, ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ಮಾತಾಡಿದ ಹಾಗೆ ಇರಬೇಕು. ಇದನ್ನು ಆ ಮೊದಲ ದಿನಗಳ ಮಂದಿ ತಾವೇ ಮಾಡಿ ಮಾಡಿ ಕಲಿತರು. ಹಾಸ್ಯ ಬರೆಯುವವರಿಗೆ ಈ ಕೆಲಸ ಬೇಗ ಒಲಿಯುತ್ತದೆ ಎಂದು ನನ್ನ ಅಭಿಪ್ರಾಯ. ಹಾಸ್ಯಗಾರನಿಗೆ ಜನ ಬಾಯಲ್ಲಿ ಆಡುವ ಮಾತೇ ಬಂಡವಾಳ. ಅದು ಬಿಟ್ಟರೆ ಅವನ ಅಂಗಡಿ ನಡೆಯುವುದಿಲ್ಲ.

ನಾನು ಈ ಸಂಗತಿಯನ್ನು ತಂದದ್ದೇ ಇದಕ್ಕಾಗಿ. ಕಸ್ತೂರಿಯವರು ಶಬ್ದ ತಿರುಚಿ ಅನರ್ಥ ಮಾಡಿದರೆ ನಗೆ ಬರುತ್ತದೆ. ಕೃಷಿಯ ಮಾತಿನಲ್ಲಿ ಅನರ್ಥವಾದರೆ ಬೆಳೆ ಹೋಗುತ್ತದೆ. ಉದಾಹರಣೆ ಹೇಳುತ್ತೇನೆ ಕೇಳ್ರಿ. ಚಿತ್ತಾಪುರದ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಹಿರಿಯರು ಮಗನಿಂದ ಕರಪತ್ರ ಓದಿಸಿ ತೊಗರಿ ಬಿತ್ತಿದರು. ಕರಪತ್ರದಲ್ಲಿ ಬೀಜದ ಪ್ರಮಾಣ ಹೆಕ್ಟೇರಿಗೆ 12 ಕಿಲೋ ಎಂದಿತ್ತು. ಅವರು ಎಕರೆಗೆ 12 ಕಿಲೋ ಹಾಕಿದರು. ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ. ಎಕರೆಗೆ 5 ಕಿಲೋ ಸಾಕಾಗಿತ್ತು. ಬೀಜದ ಹಣ ಎರಡು ಪಟ್ಟಿಗಿಂತ ಹೆಚ್ಚು ಹೋಯಿತು, ಗಿಡ ಒತ್ತೊತ್ತಾಗಿ ಬೆಳೆದು ಟೊಂಗೆ ಒಡೆಯಲಿಲ್ಲ. ನಾನು ಹೊಲ ನೋಡಲು ಹೋದಾಗ ಅವರು ಕೇಳಿದ್ದು ಇಷ್ಟೇ: “ಸಾಹೇಬ್ರ, ನಮ್ಮಪ್ಪ ಗುಂಟೆ ಅಂದ, ಎಕರೆ ಅಂದ. ಈ ಹೆಕ್ಟೇರ ಅಂದ್ರ ಯಾರ ಹೊಲದ್ದು?” ಉತ್ತರ ಹೇಳುವುದು ಸುಲಭ. ಆದರೆ ಆ ಪ್ರಶ್ನೆ ಬಿತ್ತುವ ಮೊದಲೇ ಬರಬೇಕಿತ್ತು. ಬರುವಂತೆ ಬರೆಯುವುದು ಬರೆಯುವವರ ಕೆಲಸ.

ರೋಗದ ಹೆಸರೂ ಹಾಗೇ. ತೊಗರಿ ಗಿಡ ಹೂವಿನ ಹೊತ್ತಿಗೆ ನಿಂತಲ್ಲೇ ಒಣಗುವುದಕ್ಕೆ ಕೆಳಗಿನ ಸೀಮೆಯ ಪುಸ್ತಕಗಳಲ್ಲಿ ಸೊರಗು ರೋಗ ಎನ್ನುತ್ತಾರೆ. ನಮ್ಮಲ್ಲಿ ನೆಟೆ ಹಾಯ್ದದ ಅನ್ನುತ್ತಾರೆ. ಗಿಡ ಹಸಿರಾಗೇ ಇದ್ದು ಹೂ ಕಾಯಿ ಬಿಡದೆ ನಿಲ್ಲುವುದಕ್ಕೆ ಪುಸ್ತಕದಲ್ಲಿ ಬಂಜೆ ನಂಜು ರೋಗ, ನಮ್ಮಲ್ಲಿ ಗೊಡ್ಡು ರೋಗ. ರೇಡಿಯೋದಲ್ಲಿ ‘ಸೊರಗು ರೋಗಕ್ಕೆ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಉಪಚಾರ ಮಾಡತಕ್ಕದ್ದು’ ಎಂದು ಓದಿದರೆ ಸೇಡಂ ತಾಲ್ಲೂಕಿನ ರೈತರು ಇದು ನಮ್ಮ ಹೊಲದ್ದಲ್ಲ ಎಂದು ಬಿಟ್ಟುಬಿಡುತ್ತಾರೆ. ಅದನ್ನೇ ‘ನೆಟೆ ಹಾಯಬಾರದು ಅಂದ್ರ ಬಿತ್ತೋ ಮುಂಚೆ ಒಂದು ಕಿಲೋ ಬೀಜಕ್ಕ 4 ಗ್ರಾಂ ಟ್ರೈಕೋಡರ್ಮ ಪುಡಿ ಹಚ್ಚಿ ನೆರಳಾಗ ಆರಿಸ್ರಿ’ ಎಂದರೆ ಮಗನನ್ನು ರೈತ ಸಂಪರ್ಕ ಕೇಂದ್ರಕ್ಕೆ ಕಳಿಸುತ್ತಾರೆ. ಮಾತು ಬದಲಾಯಿತು, ಔಷಧ ಬದಲಾಗಲಿಲ್ಲ. ನೆಟೆ ತಡೆಯುವ ಟಿ.ಎಸ್.-3ಆರ್ ತಳಿ ಇದ್ದರೆ ಇನ್ನೂ ಒಳ್ಳೆಯದು.

ರೇಡಿಯೋ ಮಾತು ಹೊಲಕ್ಕೆ ಇಳಿಯಬಲ್ಲದು ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 1956ರಲ್ಲಿ ಪುಣೆಯ ಸುತ್ತಿನ ಸುಮಾರು 150 ಹಳ್ಳಿಗಳಲ್ಲಿ ಕೇಳುಗರ ಕೂಟಗಳನ್ನು ಮಾಡಿ, ಕಾರ್ಯಕ್ರಮ ಕೇಳುವುದು, ಕೂತು ಚರ್ಚೆ ಮಾಡುವುದು, ಪ್ರಶ್ನೆಗಳನ್ನು ನಿಲಯಕ್ಕೆ ಬರೆಯುವುದು ಎಂಬ ಪದ್ಧತಿ ನಡೆಸಿ ನೋಡಿದರು. ಯುನೆಸ್ಕೊ ಸಂಸ್ಥೆ ಅದಕ್ಕೆ ನೆರವಾಗಿತ್ತು. ಪ್ರಯೋಗ ಫಲಿಸಿತು, ಮುಂದೆ ಬೇರೆ ಪ್ರಾಂತಗಳಿಗೂ ಹಬ್ಬಿತು. 1960ರ ದಶಕದಲ್ಲಿ ನಿಲಯಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳನ್ನೇ ತೆರೆದರು. ತಮಿಳುನಾಡಿನ ತಂಜಾವೂರು ಕಡೆ ಎ.ಡಿ.ಟಿ.-27 ಎಂಬ ಭತ್ತದ ತಳಿಯನ್ನು ರೈತರು ರೇಡಿಯೋದಲ್ಲಿ ಕೇಳಿ ಬಿತ್ತಿದರು. ಅದಕ್ಕೆ ‘ರೇಡಿಯೋ ಭತ್ತ’ ಎಂದೇ ಹೆಸರು ಬಿತ್ತು. ಗಮನಿಸಿರಿ, ಇಲ್ಲೆಲ್ಲ ಕೇಳುವವರು ಬರೀ ಕೇಳಿ ಸುಮ್ಮನೆ ಕೂಡಲಿಲ್ಲ. ತಿರುಗಿ ಮಾತಾಡಿದರು.

ನಮ್ಮ ಸೀಮೆಯಲ್ಲಿ ಕಷ್ಟವಿರುವುದು ಇಲ್ಲೇ. ರೇಡಿಯೋದವರು ರೆಕಾರ್ಡ್ ಮಾಡುವ ಯಂತ್ರ ಹಿಡಿದು ಊರಿಗೆ ಬಂದರೆ, ದಿನವಿಡೀ ಹೊಲದ ಸಂಗತಿ ಬಾಯಿತುಂಬ ಹೇಳುವವರು ಒಮ್ಮೆಲೇ ಮೂಕರಾಗುತ್ತಾರೆ. ಹೆಣ್ಣುಮಕ್ಕಳಂತೂ ಸೆರಗು ಬಾಯಿಗೆ ಹಿಡಿದು ಒಳಗೆ ಹೋಗುತ್ತಾರೆ. ಕೇಳಿದರೆ ಹೇಳುವುದು ಒಂದೇ: “ನಮ್ಮ ಮಾತು ಶುದ್ಧ ಇಲ್ರೀ. ಉರ್ದು ಬೆರಕಿ, ತೆಲುಗು ಬೆರಕಿ. ರೇಡಿಯೋದಾಗ ಚೆಂದ ಕೇಳಂಗಿಲ್ಲ.” ಚಿಂಚೋಳಿ, ಸೇಡಂ ಕಡೆ ತೆಲುಗು ಹೆಚ್ಚು ಬೆರೆತಿರುತ್ತದೆ, ಶಹಾಬಾದ, ವಾಡಿ ಕಡೆ ಕಾರ್ಖಾನೆಗೂ ರೈಲಿಗೂ ನಾನಾ ಕಡೆಯ ಮಂದಿ ಬಂದು ನಾಲ್ಕು ಭಾಷೆ ಕೂಡಿರುತ್ತವೆ. ಇರಲಿ. ಹಂಗಾಮಿಗೆ ನಾವು ಖರೀಫ್, ರಬಿ ಅನ್ನುತ್ತೇವೆ, ಅದು ಯಾವ ಭಾಷೆ? ತಹಸೀಲು, ಕಂದಾಯ, ಪಹಣಿ ಎಲ್ಲ ಒಂದೇ ಬಾಯಲ್ಲಿ ಬರುತ್ತವೆ. ಮಳೆ ಹಾಗೆಂದು ನಿಲ್ಲುತ್ತದೆಯೆ?

ಸೇಡಂ ತಾಲ್ಲೂಕಿನ ಮಳಖೇಡ ಕಾಗಿಣಾ ನದಿಯ ದಂಡೆಯ ಮೇಲಿದೆ. ಸಾವಿರದ ನೂರೈವತ್ತು ವರ್ಷಗಳ ಹಿಂದೆ ಅದು ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ಓದು ಕಲಿಯದವರೂ ಮಾತಿನ ಬೆಡಗು ಬಲ್ಲವರು ಎಂದು ಈ ನಾಡಿನ ಮಂದಿಯನ್ನು ಅದರಲ್ಲಿ ಹೊಗಳಿದೆ. ಅಂಥ ಊರಿನ ಪಕ್ಕದ ಹೊಲದವರು ತಮ್ಮ ಮಾತು ಚೆಂದ ಇಲ್ಲ ಅಂದರೆ ನನಗಂತೂ ಒಪ್ಪಿಗೆಯಾಗುವುದಿಲ್ಲ. ಕೇರಳದಲ್ಲಿ ಹುಟ್ಟಿ ಬೆಳೆದವರು ಕನ್ನಡ ಕಲಿತು ಮೈಸೂರಿನಲ್ಲಿ ಕನ್ನಡದ ನಿಲಯ ನಡೆಸುವುದಕ್ಕೆ ಕೈಗೂಡಿಸಿದರು, ಹುಟ್ಟಿದ ಕನ್ನಡಿಗರನ್ನು ನಗಿಸಿದರು. ಹುಟ್ಟಿನಿಂದ ಬಂದ ಮಾತನ್ನು ನಾವು ಆಡಲು ನಾಚಬೇಕೇನ್ರಿ?

ಕಸ್ತೂರಿಯವರ ಮುಂದಿನ ಜೀವನವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ದಾವಣಗೆರೆಯಲ್ಲಿ ಕಾಲೇಜಿನ ಪ್ರಾಂಶುಪಾಲರಾಗಿದ್ದು 1954ರಲ್ಲಿ ನಿವೃತ್ತರಾದರು. ಮೈಸೂರಿನ ನಿಲಯವನ್ನು 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಸಾಗಿಸಿದರು. ಮೈಸೂರಿನವರಿಗೆ ಅದು ಬಹಳ ಬೇಸರದ ಸಂಗತಿಯಾಗಿತ್ತು. ಅಲ್ಲಿ ಮತ್ತೆ ನಿಲಯ ಆದದ್ದು 1974ರಲ್ಲಿ. ಬೆಂಗಳೂರು ನಿಲಯದಲ್ಲಿ ಕಸ್ತೂರಿಯವರು ಕೆಲವು ಕಾಲ ಪ್ರೊಡ್ಯೂಸರ್ ಆಗಿ, ಅಂದರೆ ಕಾರ್ಯಕ್ರಮ ತಯಾರು ಮಾಡುವವರಾಗಿ, ದುಡಿದರು. ನಿವೃತ್ತಿಯ ಮೇಲೆ ಮತ್ತೆ ಮೈಕಿನ ಕೆಲಸಕ್ಕೇ ಬಂದದ್ದು ನೋಡಿದರೆ ಆ ಗೀಳು ಎಷ್ಟಿತ್ತು ಎಂದು ತಿಳಿಯುತ್ತದೆ. ಆಮೇಲೆ ಆಂಧ್ರದ ಪುಟ್ಟಪರ್ತಿಗೆ ಹೋಗಿ ಸತ್ಯಸಾಯಿಬಾಬಾ ಅವರ ಆಶ್ರಮದಲ್ಲಿ ನೆಲೆಸಿದರು. 1958ರಲ್ಲಿ ಆರಂಭವಾದ ಅಲ್ಲಿಯ ಮಾಸಪತ್ರಿಕೆಯ ಸಂಪಾದಕರಾದರು, ಬಾಬಾ ಅವರ ಜೀವನಚರಿತ್ರೆಯನ್ನು ಬರೆದರು. 1987ರ ಆಗಸ್ಟ್ 14ರಂದು ತೀರಿಕೊಂಡರು. ಆಗ ಅವರಿಗೆ ಸುಮಾರು ತೊಂಬತ್ತು ವರ್ಷ. ನಗಿಸುವ ಬರವಣಿಗೆಯನ್ನು ಅವರು ಆಶ್ರಮಕ್ಕೆ ಹೋದ ಮೇಲೂ ಮುಂದುವರಿಸಬೇಕಿತ್ತು ಎಂದು ಅವರ ಹಳೆಯ ಓದುಗರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಮನುಷ್ಯನ ಬಾಳು ಅವನದು.

ಈಗ ನಮ್ಮ ಕೆಲಸ. ತಮ್ಮ ಹೊಲದಲ್ಲಿ ಕಾಣುವ ಹುಳ, ರೋಗ, ಕಸಗಳಿಗೆ ತಮ್ಮ ಊರಿನಲ್ಲಿ ಏನು ಹೆಸರಿದೆ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಬೇಕು. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿರಿ. ‘ಮಾನ್ಯರೇ, ವಂದನೆಗಳು’ ಎಂದು ಅರ್ಧ ಕಾರ್ಡು ತುಂಬಿಸುವುದು ಬೇಡ. ಊರು, ಬೆಳೆ, ಹುಳದ ಹೆಸರು, ಅದು ಯಾವ ಮಳೆಯಲ್ಲಿ ಕಾಣುತ್ತದೆ, ಮಿರಗದಲ್ಲೋ, ಆರಿದ್ರದಲ್ಲೋ, ಚಿತ್ತದಲ್ಲೋ, ಇಷ್ಟಿದ್ದರೆ ಸಾಕು. ನೇರ ಫೋನಿನ ಕಾರ್ಯಕ್ರಮ ಇದ್ದ ದಿನ ಫೋನನ್ನೂ ಮಾಡಬಹುದು. ಆಗ ಮನೆಯ ರೇಡಿಯೋದ ದನಿ ಸಣ್ಣದು ಮಾಡಿಕೊಳ್ಳಿರಿ, ಇಲ್ಲದಿದ್ದರೆ ಕಿವಿಯಲ್ಲಿ ಕೂಗು ಏಳುತ್ತದೆ.

ತಾಯಂದಿರಿಗೆ ಬೇರೆಯಾಗಿ ಒಂದು ಮಾತು. ಬೀಜ ಎತ್ತಿಡುವುದು, ಬೇಳೆ ಒಡೆಯುವುದು, ಕಾಳಿಗೆ ಹುಳ ಬೀಳದಂತೆ ಕಾಯುವುದು ತಮ್ಮ ಕೈಯಲ್ಲಿದೆ. ನಮ್ಮ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಆ ರುಚಿಯ ಹಿಂದೆ ಮಣ್ಣಿನ ಗುಣದ ಜೊತೆಗೆ ತಮ್ಮ ಕೈಗುಣವೂ ಇದೆ. ಬೇಳೆಗೆ ಎಣ್ಣೆ ಯಾವಾಗ ಸವರುತ್ತೀರಿ, ಎಷ್ಟು ಬಿಸಿಲು ಕೊಡುತ್ತೀರಿ, ಕಾಳಿನಲ್ಲಿ ಬೇವಿನೆಲೆ ಹ್ಯಾಂಗ ಹಾಕುತ್ತೀರಿ ಎಂಬುದನ್ನು ತಾವೇ, ತಮ್ಮ ಮನೆಯ ಮಾತಿನಲ್ಲೇ ಹೇಳಬೇಕು. ರೆಕಾರ್ಡ್ ಮಾಡುವವರು ಬಂದಾಗ ಒಳಗೆ ಹೋಗಬೇಡ್ರಿ.

ಬರುವ ಭಾಷಣದಲ್ಲಿ ತೊಗರಿಯ ಕುಡಿ ಚಿವುಟುವ ಕೆಲಸದ ಬಗ್ಗೆ ಮಾತಾಡೋಣ. ಬಿತ್ತಿದ 45ರಿಂದ 50 ದಿನಕ್ಕೆ ಅದನ್ನು ಮಾಡಬೇಕಾಗುತ್ತದೆ, ಆದ್ದರಿಂದ ತಾವು ಯಾವ ದಿನ ಬಿತ್ತಿದ್ದೀರಿ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿಡಿರಿ.